ಸುರುಳಿ ನಿಂತ ಹೊತ್ತು

ಅವಳ ಮಾತು ಅಷ್ಟಕ್ಕೇ ಮುಗಿದಿತ್ತು ಎಂಬುದು ಅವನಿಗೆ ಹೊಳೆದದ್ದು ಮಾರನೆಯ ದಿನ ಬೆಳಿಗ್ಗೆ, ಬಾಯಿಯಲ್ಲಿ ಪೇಸ್ಟಿನ ನೊರೆ ತುಂಬಿಕೊಂಡಿದ್ದಾಗ. ಬ್ರಷ್ಷು ದವಡೆಯ ಮೂಲೆಯಲ್ಲೇ ನಿಂತುಬಿಟ್ಟಿತು. ‘ನಿಮ್ಮ ಜೊತೆ ಇದ್ದುಬಿಡೋಣ ಅನ್ಸುತ್ತೆ ನಂಗೆ. ಮದುವೆ ಅಂತಲೇ ಇಟ್ಕೊಳ್ಳಿ. ನಿಮಗೆ ಹ್ಯಾಗನ್ಸುತ್ತೋ…’ ಎಂದಿದ್ದಳು ಅವಳು, ನಿನ್ನೆ ಸಂಜೆ, ಸ್ಟುಡಿಯೋದ ಕ್ಯಾಂಟೀನಿನಲ್ಲಿ, ಚಹಾ ಲೋಟದ ಅಂಚನ್ನು ಬೆರಳಿನಿಂದ ಸುಮ್ಮನೆ ಒರೆಸುತ್ತ. ಆ ‘ಅನ್ಸುತ್ತೋ’ ಆದಮೇಲೆ ದನಿ ಇಳಿಯಲಿಲ್ಲ. ವಾಕ್ಯ ಮುಗಿಯುವಾಗ ಅವಳ ದನಿ ಒಂದು ಮೆಟ್ಟಿಲು ಇಳಿಯುತ್ತದೆ, ರೆಪ್ಪೆ ಒಮ್ಮೆ ಮುಚ್ಚಿ ತೆರೆಯುತ್ತದೆ, ಆಮೇಲಷ್ಟೇ ಮುಂದಿನ ಸಾಲು. ಇದು ಅವನಿಗೆ ತನ್ನ ಅಂಗೈಗಿಂತ ಚೆನ್ನಾಗಿ ಗೊತ್ತು. ದನಿ ಮೇಲೆಯೇ ನಿಂತಿದೆ, ಹಾಗಾದರೆ ಇನ್ನೊಂದು ಸಾಲು ಬಾಕಿಯಿದೆ ಎಂದು ಅವನು ಕಾದ. ಮೈಯೆಲ್ಲ ಕಿವಿಯಾಗಿ, ಕತ್ತು ತುಸು ಮುಂದೆ ಚಾಚಿ, ತುಟಿ ಪಿಟಕ್ಕೆನ್ನದೆ ಕಾದ. ಅವಳೂ ಕಾದಳು. ಚಹಾದ ಮೇಲೆ ಕೆನೆ ಕಟ್ಟಿತು. ಆಮೇಲೆ ಅವಳು ‘ಸರಿ ಬಿಡಿ’ ಎಂದು ಎದ್ದು, ತನ್ನ ಖಾಲಿ ಲೋಟದ ಜೊತೆ ಅವನ ತುಂಬಿದ ಲೋಟವನ್ನೂ ಎತ್ತಿಕೊಂಡು ಹೋಗಿ ತೊಳೆಯುವ ಕಟ್ಟೆಯ ಮೇಲಿಟ್ಟು, ಕೈಚೀಲ ಹೆಗಲಿಗೇರಿಸಿ ಹೊರಟುಹೋದಳು. ಪುಣ್ಯಾತ್ಮ ಆಗಲೂ ಕೂತೇ ಇದ್ದ, ಮುಂದಿನ ಸಾಲಿಗಾಗಿ.

‘ಒಳಗೇನು ಮನೆ ಕಟ್ತಿದೀಯೇನೋ?’ ಎಂದು ಬಾಗಿಲಾಚೆಯಿಂದ ತಾಯಿ ಕೂಗಿದಳು. ನೊರೆ ಉಗುಳದೆ ಉತ್ತರ ಕೊಡುವಂತಿರಲಿಲ್ಲ. ಅವನ ಮನೆಯಲ್ಲಿ ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರು ಬಾಯಿ ತೆರೆಯುವ ಪದ್ಧತಿಯೇ ಇರಲಿಲ್ಲ. ಅಪ್ಪ ಅಂಚೆ ಕಚೇರಿಯ ಗುಮಾಸ್ತ, ಊಟದ ಹೊತ್ತಿಗೆ ಒಂದು ವಾಕ್ಯ ಶುರುಮಾಡಿದರೆ ಎರಡನೇ ಸಲ ಬಡಿಸಿಕೊಳ್ಳುವ ಹೊತ್ತಿಗೆ ಅದರ ಕ್ರಿಯಾಪದ ಬರುತ್ತಿತ್ತು. ಅಷ್ಟರತನಕ ತಾಯಿ ಸೌಟು ಹಿಡಿದು ನಿಂತಿರುತ್ತಿದ್ದಳು, ಮಗ ತುತ್ತು ಹಿಡಿದು ಕೂತಿರುತ್ತಿದ್ದ. ಅಪ್ಪ ಹೋಗಿ ಎಷ್ಟೋ ಕಾಲವಾದರೂ ಆ ಮರ್ಯಾದೆ ಮಾತ್ರ ಮನೆಯಲ್ಲಿ ಉಳಿದುಕೊಂಡಿದೆ. ಈಗ ತಾಯಿ ಅದನ್ನು ಫೋನಿಗೂ ತೋರಿಸುತ್ತಾಳೆ. ತಂಗಿ ಕೊಡಿಸಿದ ಫೋನು. ಪುಸ್ತಕದ ಹಾಳೆ ತಿರುವುವ ಹಾಗೆ ಬೆರಳಿಗೆ ಎಂಜಲು ಹಚ್ಚಿಕೊಂಡು ಪರದೆಯನ್ನು ಮೇಲಕ್ಕೆ ತಳ್ಳುತ್ತಾಳೆ. ಯಾರದೋ ಮೊಮ್ಮಗುವಿನ ನಗು, ಯಾರದೋ ಮೊಣಕಾಲು ನೋವಿನ ಮದ್ದು, ಬೆಕ್ಕು, ಜಾರಿ ಬೀಳುವ ಇನ್ನೊಂದು ಬೆಕ್ಕು. ‘ಇದಕ್ಕೆ ಕೊನೇನೇ ಇಲ್ವಲ್ಲೋ,’ ಎನ್ನುತ್ತಾಳೆ ಬೇಜಾರಿನಿಂದ. ಕೊನೆ ಮುಟ್ಟದೆ ಎದ್ದುಹೋದರೆ ಒಳಗಿರುವವರು ಏನಂದುಕೊಂಡಾರು ಎಂಬ ಸಂಕೋಚ ಅವಳಿಗೆ. ಅವನು ಒಂದು ದಿನ ‘ಅಮ್ಮಾ, ಎಲ್ಲಿ ಬೇಕಾದ್ರೂ ನಿಲ್ಲಿಸಬಹುದು’ ಎಂದಾಗ ಅವಳು ಮಗನನ್ನು ಅಪನಂಬಿಕೆಯಿಂದ ನೋಡಿದ್ದಳು, ದಿನವಿಡೀ ಅದೇ ಕೆಲಸ ಮಾಡುವವನು ಹೇಳಿದರೂ.

ಅವನ ಕೆಲಸ ಏನೆಂದು ಹೇಳಿಬಿಡುವುದು ಒಳ್ಳೆಯದು, ಅವನ ದಡ್ಡತನಕ್ಕೆ ನೀರು ಗೊಬ್ಬರ ಸಿಕ್ಕಿದ್ದು ಅಲ್ಲೇ. ಟೀವಿಯಲ್ಲಿ ವಾರ್ತೆ ಓದುವವರು ನಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾರಲ್ಲ, ಅವರು ನೋಡುವುದು ನಮ್ಮನ್ನಲ್ಲ. ಕ್ಯಾಮರಾದ ಮೂತಿಯ ಮುಂದೆ ಓರೆಯಾಗಿ ಒಂದು ಗಾಜು ಇರುತ್ತದೆ, ಗಾಜಿನ ಮೇಲೆ ಕೆಳಗಿನಿಂದ ಮೇಲಕ್ಕೆ ಅಕ್ಷರಗಳು ಸರಿಯುತ್ತಿರುತ್ತವೆ. ಆ ಅಕ್ಷರಗಳನ್ನು ಸರಿಸುವವನು ಇವನು. ಕ್ಯಾಮರಾದ ಹಿಂದೆ, ಕತ್ತಲ ಮೂಲೆಯಲ್ಲಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಅಕ್ಷರ ಓಡಿಸುವ ಒಂದು ನಾಬಿನ ಮೇಲೆ ಬಲಗೈ ಇಟ್ಟು ಕೂತಿರುತ್ತಾನೆ. ಅವರು ಬೇಗ ಓದಿದರೆ ಇವನ ಬೆರಳು ಬೇಗ. ಅವರು ಕೆಮ್ಮಿದರೆ ಬೆರಳು ನಿಲ್ಲುತ್ತದೆ. ಸ್ಟುಡಿಯೋದಲ್ಲಿ ಅದನ್ನು ಈಗಲೂ ಸುರುಳಿ ಎನ್ನುತ್ತಾರೆ, ಸುತ್ತುವುದಕ್ಕೆ ಏನೂ ಇಲ್ಲದಿದ್ದರೂ. ಹಾಗಾಗಿ ಇವನನ್ನು ಕರೆಯುವುದೂ ಸುರುಳಿ ಎಂದೇ. ಅವನು ಸೇರಿದ ಹೊಸದರಲ್ಲಿ ನಿಜವಾಗಿಯೂ ಸುರುಳಿಯೇ ಇತ್ತು, ಒಂದಕ್ಕೊಂದು ಅಂಟಿಸಿದ ಕಾಗದದ ಉದ್ದನೆಯ ಪಟ್ಟಿ. ಕೆಲಸ ಕಲಿಸಿದ ಹಿರಿಯನನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದರು. ಒಮ್ಮೆ ಗೋಂದು ಆರುವ ಮುಂಚೆಯೇ ಇವನು ಪಟ್ಟಿಯನ್ನು ಸುತ್ತಿಟ್ಟಿದ್ದರಿಂದ ಗಣ್ಯರೊಬ್ಬರ ನಿಧನದ ಸುದ್ದಿಗೆ ಹವಾಮಾನದ ಬಾಲ ಅಂಟಿಕೊಂಡು, ‘ಅವರು ಪತ್ನಿ, ಇಬ್ಬರು ಪುತ್ರರು ಹಾಗೂ ಸಾಧಾರಣ ಮಳೆಯನ್ನು ಅಗಲಿದ್ದಾರೆ’ ಎಂದು ಆಗಿನ ವಾಚಕರು ಗಂಭೀರವಾಗಿ ಓದಿ ಮುಗಿಸಿದ್ದರು. ದೊಡ್ಡಪ್ಪ ಬಯ್ಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕ. ಬಯ್ದದ್ದು ಬೇರೆ ಕಾರಣಕ್ಕೆ. ‘ನಿನ್ನ ಉಸಿರು ಬಿಡು, ಅವರ ಉಸಿರು ಹಿಡ್ಕೋ. ನೀನು ಅಲ್ಲಿ ಇದ್ದೀಯ ಅಂತ ಓದೋರಿಗೆ ಗೊತ್ತಾಯ್ತೋ, ನಿನ್ನ ಕೆಲಸ ಕೆಡ್ತು ಅಂತಲೇ ತಿಳ್ಕೋ.’

ದೊಡ್ಡಪ್ಪ ಹೆದರುತ್ತಿದ್ದದ್ದು ಒಂದಕ್ಕೇ, ಅದನ್ನು ಅವನು ‘ಜೋಡಿ ತೂಕಡಿಕೆ’ ಎನ್ನುತ್ತಿದ್ದ. ಓದುವವರು ಯಾಕೋ ತುಸು ನಿಧಾನಿಸುತ್ತಾರೆ. ಅವರು ನಿಧಾನಿಸಿದರೆಂದು ಸುರುಳಿಯವನು ಕೈ ತಡೆಯುತ್ತಾನೆ. ಅಕ್ಷರ ನಿಧಾನವಾಯಿತೆಂದು ಅವರು ಇನ್ನೂ ನಿಧಾನಿಸುತ್ತಾರೆ. ಇವನು ಇನ್ನೂ ತಡೆಯುತ್ತಾನೆ. ಬಾಗಿಲಲ್ಲಿ ಎದುರಾದ ಇಬ್ಬರು ಸಭ್ಯರು ‘ನೀವು ಮೊದಲು, ನೀವು ಮೊದಲು’ ಎಂದು ನಿಂತುಬಿಟ್ಟ ಹಾಗೆ, ವಾರ್ತೆ ನಡುದಾರಿಯಲ್ಲಿ ನಿಂತುಬಿಡುತ್ತದೆ. ‘ಹಾಗಾದ್ರೆ ಏನ್ ಮಾಡ್ಬೇಕು?’ ಎಂದು ಅವನು ಕೇಳಿದ್ದಕ್ಕೆ ದೊಡ್ಡಪ್ಪ, ‘ಹಾಗೆ ಆಗೋಕೆ ಬಿಡಬಾರದು ಅಷ್ಟೆ’ ಎಂದುಬಿಟ್ಟಿದ್ದ. ಅವನು ಬಿಟ್ಟೂ ಇರಲಿಲ್ಲ. ಎಷ್ಟೋ ಜನರ ಉಸಿರು ಹಿಡಿದ. ಒಮ್ಮೆ ಭಾಷಣಕ್ಕೆ ಬಂದ ದೊಡ್ಡ ಮನುಷ್ಯರೊಬ್ಬರು ತಾವೇ ಸಾಲು ತಪ್ಪಿ, ನಿಲ್ಲಿಸಿ, ‘ಯಾರ್ರೀ ಅಲ್ಲಿ ಕೂತಿರೋದು, ನಿದ್ದೆ ಮಾಡ್ತಿದೀರೇನ್ರೀ?’ ಎಂದು ಎಲ್ಲರೆದುರು ಗದರಿದರು. ಕತ್ತಲಲ್ಲಿ ಇದ್ದದ್ದರಿಂದ ಅವನ ಮುಖ ಯಾರಿಗೂ ಕಾಣಲಿಲ್ಲ, ಅದೊಂದೇ ಸಮಾಧಾನ. ಆಗ ಕಾಯುತ್ತ ಪಕ್ಕದಲ್ಲಿ ನಿಂತಿದ್ದ ಅವಳು, ಆಗಷ್ಟೇ ಹೊಸದಾಗಿ ಸೇರಿದ್ದ ವಾರ್ತಾವಾಚಕಿ, ‘ಅವರು ಸರಿಯಾಗೇ ಓಡಿಸಿದ್ರು, ತಾವು ಒಂದು ಸಾಲು ಬಿಟ್ರಿ’ ಎಂದು ವಾರ್ತೆ ಓದುವ ದನಿಯಲ್ಲೇ ಹೇಳಿಬಿಟ್ಟಳು. ಆವತ್ತಿನಿಂದ ಅವನ ಎದೆಯಲ್ಲಿ ಆ ದನಿಗೊಂದು ಜಾಗ ಆಗಿಹೋಗಿತ್ತು. ಆದರೆ ಅದನ್ನು ಒಪ್ಪಿಕೊಳ್ಳಲು ಅವನಿಗೆ ನಾಚಿಕೆ, ಐವತ್ತು ದಾಟಿದವನಿಗೆ ಇದೆಲ್ಲ ಯಾಕೆ ಎಂದು.

ಸಂಕಟವೆಂದರೆ, ಪ್ರತಿದಿನ ಅವಳು ಅವನನ್ನೇ ನೋಡುತ್ತಾಳೆ. ಮೂಲೆಯ ಚಿಕ್ಕ ಪರದೆಯಲ್ಲಿ ಅವಳ ಮುಖ ಇಷ್ಟು ಹತ್ತಿರ, ಕಣ್ಣು ನೇರ ಅವನ ಕಣ್ಣಿಗೆ. ಅವಳು ನೋಡುತ್ತಿರುವುದು ಅಕ್ಷರಗಳನ್ನು, ತನ್ನನ್ನಲ್ಲ ಎಂದು ಅವನು ತನಗೇ ಬುದ್ಧಿ ಹೇಳಿಕೊಳ್ಳುತ್ತಾನೆ. ಮೊದಲ ಮದುವೆಯಿಂದ ಗದ್ದಲವಿಲ್ಲದೆ ಹೊರಬಂದು, ಮಗಳನ್ನು ಓದಿಸಿ ನೆಲೆ ಹತ್ತಿಸಿದ ಹೆಣ್ಣು, ಅವಳಿಗೇನು ಕಡಿಮೆ. ಬಿಡುವಿನಲ್ಲಿ ಜೊತೆಗೆ ಚಹಾ ಕುಡಿಯುತ್ತಾಳೆ, ಅವನ ಅಮ್ಮನ ಫೋನಿನ ಕತೆಗಳಿಗೆ ಬಾಯಿತುಂಬ ನಗುತ್ತಾಳೆ, ಅಷ್ಟು ಸಾಕಲ್ಲ ಎಂದುಕೊಂಡಿದ್ದ. ಅಷ್ಟು ಸಾಲದು ಎಂದು ಅವಳೇ ಹೇಳಿದಾಗ ಈ ಮಹಾನುಭಾವ ಪೂರ್ಣವಿರಾಮ ಹುಡುಕುತ್ತ ಕೂತಿದ್ದ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಅವನು ಮನಸ್ಸಿನಲ್ಲೇ ಕ್ಯಾಂಟೀನಿನ ದೃಶ್ಯವನ್ನು ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟ, ಮತ್ತೆ ಸುತ್ತಿದ. ಎಷ್ಟು ಸಲ ಓಡಿಸಿದರೂ ಆ ಮನುಷ್ಯ ಬಾಯಿ ಬಿಡಲಿಲ್ಲ. ಪಕ್ಕದ ಸೀಟಿನ ಹೆಂಗಸು ಅವನನ್ನು ನೋಡಿ ಸ್ವಲ್ಪ ಸರಿದು ಕೂತಳು. ತಾನು ಗಟ್ಟಿಯಾಗಿ ‘ಹೇಳೋ’ ಎಂದಿದ್ದೆನೆಂದು ಅವನಿಗೆ ಆಗ ತಿಳಿಯಿತು.

‘ಮೇಡಂ ವಿಷಯ ಗೊತ್ತಾಯ್ತಾ?’ ಎಂದು ಪ್ರೊಡ್ಯೂಸರ್ ಕೇಳಿದ, ಅವನು ಕುರ್ಚಿ ಎಳೆದುಕೊಳ್ಳುವ ಮುಂಚೆಯೇ. ಮಧ್ಯಾಹ್ನದ ವಾರ್ತೆಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ‘ಮುಂದಿನ ವಾರದಿಂದ ಬೆಳಗಿನ ಪಾಳಿ ಕೊಡಿ ಅಂದ್ರು. ಇವತ್ತು ಬಂದವರೇ ಕೇಳಿದ್ದು. ಬೆಳಗಿನ ಜಾವ ಎದ್ದು ಬರೋದು ಯಾವ ಖುಷಿಗೋ! ಅಲ್ಲಿ ಆ ಹೊಸ ಹುಡುಗೀನೇ ಸುರುಳಿ ಓಡಿಸೋದು, ಇವರ ಜೊತೆ ಹೊಂದಿಕೊಳ್ಳುತ್ತೋ ಇಲ್ವೋ.’ ಅವನು ಹೆಡ್‌ಫೋನಿನ ವೈರಿನ ಗಂಟು ಬಿಡಿಸತೊಡಗಿದ. ಅವಳಿಗೆ ತನ್ನ ಮುಖ ನೋಡುವುದೂ ಬೇಡವಾಗಿದೆ. ನೋಡುತ್ತಲೇ ಇರಲಿಲ್ಲವಲ್ಲ, ನೋಡುತ್ತಿದ್ದದ್ದು ಅಕ್ಷರ. ಹಾಗೆಂದುಕೊಂಡರೆ ಸಮಾಧಾನವಾಗಬೇಕಿತ್ತು, ಅವನು ಬಿಡಿಸಿದ ಗಂಟನ್ನೇ ಮತ್ತೆ ಬಿಗಿದ. ಅಷ್ಟರಲ್ಲಿ ಅವಳು ಬಂದಳು, ನೀಲಿ ಕೋಟು, ಕಿವಿಯ ಹಿಂದೆ ಸಿಕ್ಕಿಸಿದ ಕೂದಲು. ದಿನವೂ ಅವನ ಮೂಲೆಯ ಕಡೆ ಒಮ್ಮೆ ಕೈಯೆತ್ತುವವಳು ಇವತ್ತು ಮೈಕಿನ ಕ್ಲಿಪ್ಪು ಸರಿಮಾಡಿಕೊಂಡು ಸೀದಾ ಕೂತಳು. ‘ಮೇಡಂ’ ಎಂದು ಕರೆಯಲು ಅವನು ಬಾಯಿ ತೆರೆದ. ಕ್ಯಾಮರಾದ ಪಕ್ಕ ನಿಂತು ಸನ್ನೆ ಕೊಡುವ ಫ್ಲೋರಿನವನು ಆಗಲೇ ಬೆರಳು ಮಡಚಿ ಎಣಿಸತೊಡಗಿದ್ದ. ಕೆಂಪು ದೀಪ ಹತ್ತಿತು.

ನಮಸ್ಕಾರ ಎಂದಳು ಅವಳು ಲೋಕಕ್ಕೆಲ್ಲ, ಮತ್ತು ಅವನ ಕೈ ತಾನಾಗಿ ಸರಿಯಿತು. ಕೈಗೆ ಇದೆಲ್ಲ ಗೊತ್ತಿರಲಿಲ್ಲ, ಅದು ದಿನದಂತೆ ಅವಳ ಹಿಂದೆ ಹೋಗುತ್ತಿತ್ತು. ನೀರಿನ ಪೈಪು ಒಡೆದು ಎರಡು ಬೀದಿ ತೋಯ್ದ ಸುದ್ದಿ, ಸೇತುವೆಯ ದುರಸ್ತಿ, ಹಣ್ಣಿನ ಬೆಲೆ. ಅವಳ ದನಿ ಇಳಿಯಬೇಕಾದಲ್ಲಿ ಇಳಿಯಿತು, ರೆಪ್ಪೆ ಮುಚ್ಚಬೇಕಾದಲ್ಲಿ ಮುಚ್ಚಿತು. ಅವನಿಗೆ ಇದ್ದಕ್ಕಿದ್ದಂತೆ ಅಳು ಬರುವಷ್ಟು ಚಂದ ಕಂಡಿತು, ಅವಳು ‘ದುರಸ್ತಿ ಕಾಮಗಾರಿ’ ಎಂದದ್ದು. ಆಮೇಲೆ ವಸ್ತುಸಂಗ್ರಹಾಲಯದ ಸುದ್ದಿ ಬಂತು. ತೊಗಲಿನ ಹಳೆಯ ಸುರುಳಿಯೊಂದನ್ನು ಅಲ್ಲಿನವರು ಕಡೆಗೂ ಬಿಚ್ಚಿದ್ದಾರಂತೆ. ಯಾವುದೋ ಕಾಲದ ದಾರಿಹೋಕನೊಬ್ಬ ತಾನು ನಡೆದ ಹಾದಿಯನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದಾನೆ. ಸೆಟೆದುಕೊಂಡ ತೊಗಲು ಎಳೆದರೆ ಸೀಳುತ್ತದೆ, ಬಿಟ್ಟರೆ ಮತ್ತೆ ಸುತ್ತಿಕೊಳ್ಳುತ್ತದೆ. ತೇವದ ಗಾಳಿಯಲ್ಲಿಟ್ಟು, ಮೆತ್ತಗಾಗುವವರೆಗೆ ತಾಳ್ಮೆಯಿಂದ ಇದ್ದು, ಬೆರಳಷ್ಟು ಬೆರಳಷ್ಟೇ ಬಿಡಿಸಿದರು. ಅಲ್ಲಿಯ ಮೇಲ್ವಿಚಾರಕಿ ಹೇಳಿದ ಮಾತು ಸಾಲಾಗಿ ಮೇಲೆದ್ದಿತು: ‘ಸುರುಳಿಯನ್ನು ಓದುವವರಿಗೆ ಎರಡು ಕೈಯೂ ಬೇಕು. ಒಂದು ಬಿಚ್ಚುತ್ತದೆ, ಇನ್ನೊಂದು ಸುತ್ತಿಕೊಳ್ಳುತ್ತದೆ. ಒಂದು ಕೈ ತಡೆದರೆ…’

ಅವಳ ದನಿ ತುಸು ನಿಧಾನವಾಯಿತು. ಎಷ್ಟು ತುಸುವೆಂದರೆ ಮನೆಯಲ್ಲಿ ಕೂತು ನೋಡುತ್ತಿದ್ದವರಿಗೆ ಗೊತ್ತಾಗುತ್ತಿರಲಿಲ್ಲ. ಅವನಿಗೆ ಗೊತ್ತಾಯಿತು, ಬೆರಳು ತಡೆಯಿತು. ‘ಒಂದು… ಕೈ…’ ಎಂದಳು. ಅಕ್ಷರ ತೆವಳಿತು. ಅವಳು ಅಕ್ಷರಕ್ಕಾಗಿ ನಿಧಾನಿಸಿದಳು, ಅವನು ಅವಳಿಗಾಗಿ. ‘ತಡೆದರೆ…’ ಎಂಬಲ್ಲಿಗೆ ಎಲ್ಲವೂ ನಿಂತಿತು. ನಾಬು ನಿಂತಿತು, ಗಾಜು ನಿಂತಿತು, ಅವಳ ತುಟಿ ಅರ್ಧ ತೆರೆದು ನಿಂತಿತು. ಸಾವಿರಾರು ಮನೆಗಳ ಟೀವಿಯಲ್ಲಿ ಒಬ್ಬ ಹೆಂಗಸು ಸುಮ್ಮನೆ ಎದುರು ನೋಡುತ್ತ ಕೂತಿದ್ದಳು. ‘ಏನಾಯ್ತು ಸುರುಳಿ? ಕೈ ಹಿಡ್ಕೊಂಡಿತಾ? ಓಡ್ಸೋ ಮಾರಾಯ!’ ಎಂದು ಹೆಡ್‌ಫೋನಿನಲ್ಲಿ ಪ್ರೊಡ್ಯೂಸರ್ ಬಾಯಿ ಬಡಿದುಕೊಂಡ. ಅವನಿಗೆ ಕೇಳಿಸಿದರೂ ಕೇಳಿಸಲಿಲ್ಲ. ಅವನು ಪರದೆಯ ಮೇಲಿನ ಮುಖವನ್ನು ನೋಡುತ್ತಿದ್ದ. ಹುಬ್ಬು ಕೊಂಚ ಮೇಲೆದ್ದಿತ್ತು, ರೆಪ್ಪೆ ಮಿಟುಕಿರಲಿಲ್ಲ, ದನಿ ಮೇಲೆಯೇ ನಿಂತಿತ್ತು. ಇದೇ ಮುಖ. ನಿನ್ನೆ ಕ್ಯಾಂಟೀನಿನಲ್ಲಿ ಲೋಟದ ಅಂಚಿನ ಮೇಲೆ ಬೆರಳಿಟ್ಟು ಕೂತಿದ್ದಾಗ ಇದ್ದದ್ದು ಇದೇ ಮುಖ! ಆಗ ಅವಳು ಕಾಯುತ್ತಿದ್ದದ್ದು ಅವನ ಸಾಲಿಗೆ. ಇಷ್ಟು ವರ್ಷ ಅವಳು ಮಾತಾಡುವುದನ್ನು ಅಷ್ಟು ಚೆನ್ನಾಗಿ ಬಲ್ಲವನಿಗೆ ಅವಳು ಕಾಯುವುದು ಹೇಗಿರುತ್ತದೆಂದು ಗೊತ್ತೇ ಇರಲಿಲ್ಲ. ಕಾಯುವ ಸರದಿ ಯಾವಾಗಲೂ ತನ್ನದು ಎಂದು ಗುತ್ತಿಗೆ ಹಿಡಿದವನಂತೆ ಕೂತಿದ್ದನಲ್ಲ, ಅವಳಿಗೆಲ್ಲಿ ಅವಕಾಶ. ‘ಅಯ್ಯೋ ನನ್ನ ಬುದ್ಧಿಗಿಷ್ಟು’ ಎಂದುಕೊಂಡ, ಮತ್ತು ನಾಬನ್ನು ಮುಂದಕ್ಕೆ ತಿರುಗಿಸಿದ.

ಅವಳು ಉಸಿರೆತ್ತುವ ಮುಂಚೆಯೇ ತಿರುಗಿಸಿದ, ಅದೂ ಧಾರಾಳವಾಗಿ. ಮುಂದಿನ ಸಾಲು ಬಂತು, ಅದರ ಬೆನ್ನಿಗೇ ಇನ್ನೊಂದು. ಅವಳ ಕಣ್ಣು ಅಗಲವಾಯಿತು. ‘ಇನ್ನೊಂದು ಕೈಯೂ ನಿಲ್ಲಬೇಕಾಗುತ್ತದೆ, ಎಂದು ಮೇಲ್ವಿಚಾರಕಿ ತಿಳಿಸಿದ್ದಾರೆ’ ಎಂದು ಓಡಿ ಹಿಡಿದಳು. ಅಷ್ಟರಲ್ಲಿ ಸಾಲು ಮತ್ತೆ ಮುಂದೆ ಹೋಗಿತ್ತು. ಅವನು ಬಿಡಲಿಲ್ಲ. ಬೆರಳುಗಳಿಗೆ ಅದೇನು ಹುರುಪೋ, ಹಗ್ಗ ಬಿಚ್ಚಿದ ಕರುವಿನ ಹಾಗೆ ಆಗಿತ್ತು ಅವಕ್ಕೆ. ಅವಳು ಅಟ್ಟಿಸಿಕೊಂಡು ಬಂದಳು. ಬರುತ್ತ ಬರುತ್ತ ದನಿಯೊಳಗೆ ಎಲ್ಲಿಂದಲೋ ನಗು ಸೇರಿಕೊಂಡಿತು. ವಸ್ತುಸಂಗ್ರಹಾಲಯದ ಬಾಗಿಲು ಸಾರ್ವಜನಿಕರಿಗೆ ತೆರೆದಿರುವ ಸಮಯವನ್ನು ಅವಳು ಒಳ್ಳೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು. ಕ್ರೀಡಾ ವಾರ್ತೆಯನ್ನು ಆಟಗಾರರಿಗಿಂತ ಜೋರಾಗಿ ಓಡಿ ಮುಗಿಸಿದಳು. ನಾಳೆ ಮೋಡ ಕವಿದ ವಾತಾವರಣ ಎಂದಾಗಲಂತೂ ಮೋಡ ಕವಿಯುವುದಕ್ಕಿಂತ ಸಂತೋಷದ ಸಂಗತಿ ಬೇರೊಂದಿಲ್ಲ ಎನ್ನಿಸುವಂತಿತ್ತು. ನಡುವೆ ಒಂದೆರಡು ಕಡೆ ಅವಳೇ ಮುಂದೆ ಹೋದಳು, ಅವನು ಹಿಂದೆ ಬಿದ್ದ, ಮತ್ತೆ ಅವನು ಮುಂದಾದ. ಯಾರು ಯಾರನ್ನು ಓಡಿಸುತ್ತಿದ್ದಾರೆಂದು ಅವನಿಗೆ ತಿಳಿಯಲಿಲ್ಲ, ತಿಳಿಯಬೇಕೆಂದು ಅನ್ನಿಸಲೂ ಇಲ್ಲ. ಮೈ ಬೆವರಿತ್ತು. ಅವನಿಗೆ ಖುಷಿಯಾಗಿತ್ತು, ಅಷ್ಟು ಖುಷಿಯನ್ನು ಎಲ್ಲಿ ಇಡಬೇಕೆಂದು ಗೊತ್ತಾಗದೆ ಕತ್ತಲಲ್ಲಿ ಒಬ್ಬನೇ ಹಲ್ಲು ಕಿರಿಯುತ್ತ ಕೂತಿದ್ದ. ವಾರ್ತೆ ನಿಗದಿಗಿಂತ ಬೇಗ ಮುಗಿದು, ಕೊನೆಯಲ್ಲಿ ಊರಿನ ಆಕಾಶವನ್ನು ತುಂಬ ಹೊತ್ತು ತೋರಿಸಬೇಕಾಯಿತು. ‘ಇವತ್ತು ಇಬ್ಬರೂ ಏನು ತಿಂದ್ಕೊಂಡು ಬಂದಿದೀರಾ?’ ಎಂದ ಪ್ರೊಡ್ಯೂಸರ್. ಬಯ್ಯಬೇಕೋ ಮೆಚ್ಚಬೇಕೋ ಅವನಿಗೆ ಇನ್ನೂ ತೀರ್ಮಾನವಾಗಿರಲಿಲ್ಲ.

ಕೆಂಪು ದೀಪ ಆರಿದೊಡನೆ ಅವಳು ಎದ್ದು ಮೇಕಪ್ ಕೋಣೆಗೆ ನಡೆದುಬಿಟ್ಟಳು. ಆ ಕೋಣೆಗೆ ಅವನು ಇಷ್ಟು ವರ್ಷಗಳಲ್ಲಿ ಕಾಲಿಟ್ಟವನಲ್ಲ. ಅವನ ಮುಖಕ್ಕೆ ಅಲ್ಲೇನು ಕೆಲಸ. ಬಾಗಿಲವರೆಗೆ ಹೋಗುವಷ್ಟರಲ್ಲಿ ಬೆರಳುಗಳ ಹುರುಪೆಲ್ಲ ಇಳಿದಿತ್ತು, ಹೊಸ್ತಿಲಲ್ಲೇ ನಿಂತ. ಒಳಗೆ ದೊಡ್ಡ ಬಲ್ಬುಗಳ ಕೆಳಗೆ ಅವಳು ಹತ್ತಿಯಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಅರ್ಧ ಮುಖ ವಾರ್ತೆಯದು, ಅರ್ಧ ಅವಳದು. ಕನ್ನಡಿಯಲ್ಲಿ ಅವನನ್ನು ನೋಡಿ ಕೈ ನಿಲ್ಲಿಸಿದಳು.

‘ಆ ಸಾಲಲ್ಲಿ ನಂದೇ ತಪ್ಪು ರೀ, ಗಂಟಲು ಕಟ್ತು,’ ಎಂದಳು. ‘ಆಮೇಲೆ ನೀವು ಹೇಗೋ ಎಳ್ಕೊಂಡು ಹೋದ್ರಿ, ಪುಣ್ಯ.’ ಹತ್ತಿಯನ್ನು ಮಡಿಸಿದಳು, ಇನ್ನೊಮ್ಮೆ ಮಡಿಸಿದಳು. ‘ನೋಡಿ, ನಿನ್ನೆ ನಾನು ಅಂದಿದ್ದನ್ನ ಮನಸ್ಸಿಗೆ ಹಚ್ಕೋಬೇಡಿ. ಬೆಳಗಿನ ಪಾಳಿ ಕೇಳಿದೀನಿ, ನಿಮಗೂ ಮುಜುಗರ ಇರಲ್ಲ, ನನಗೂ ಇರಲ್ಲ. ಈ ವಯಸ್ಸಲ್ಲಿ ಏನೋ ಒಂದು ಗಳಿಗೆ ಬಾಯಿ ತಪ್ಪಿ…’

‘ಹೂಂ,’ ಎಂದ ಅವನು.

ಅವಳ ಮಾತು ಇನ್ನೂ ನಡೆಯುತ್ತಿತ್ತು. ದನಿ ಇಳಿದಿರಲಿಲ್ಲ, ರೆಪ್ಪೆ ಮುಚ್ಚಿರಲಿಲ್ಲ, ವಾಕ್ಯಕ್ಕೆ ಕ್ರಿಯಾಪದವೇ ಬಂದಿರಲಿಲ್ಲ. ಹುಟ್ಟಿದಂದಿನಿಂದ ಒಬ್ಬರ ಮಾತಿನ ನಡುವೆ ಮಾತು ತೂರಿಸದವನು ತೂರಿಸಿಬಿಟ್ಟಿದ್ದ. ತಾನೇನೋ ಒಡೆದುಹಾಕಿದೆ ಎಂಬ ಭಯದಲ್ಲಿ ನೆಲ ನೋಡಿದ.

‘ಅಂದ್ರೆ ಮರೆತುಬಿಟ್ರಿ ಅಂತಾಯ್ತು,’ ಎಂದಳು ಅವಳು, ಕನ್ನಡಿಯ ಕಡೆ ತಿರುಗಿ. ‘ಒಳ್ಳೇದೇ ಆಯ್ತು.’

‘ಹೂಂ ಅಂದಿದ್ದು ಇದಕ್ಕಲ್ಲ. ನಿನ್ನೇದಕ್ಕೆ.’

ಹತ್ತಿ ಅವಳ ಕೈಯಲ್ಲೇ ಉಳಿಯಿತು. ‘ನಿನ್ನೇದಕ್ಕಾ?’

‘ಹೂಂ. ಆಗಲಿ ಅಂತ. ಮದುವೆ ಅಂತಲೇ ಇಟ್ಕೊಳ್ಳೋಣ ಅಂತ.’

‘ಮತ್ತೆ ನಿನ್ನೆ ಯಾಕ್ರೀ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಿ? ರಾತ್ರಿಯೆಲ್ಲ ನನಗೆ ನಿದ್ದೆ ಇಲ್ಲ. ನಾಚಿಕೆಗೆ ಎಲ್ಲಾದ್ರೂ ಹೋಗಿ ಬಚ್ಚಿಟ್ಕೋಬೇಕು ಅನ್ಸಿತ್ತು ಗೊತ್ತಾ?’

‘ನೀವಿನ್ನೂ ಮಾತಾಡ್ತಿದೀರಿ ಅಂದ್ಕೊಂಡೆ, ಮೇಡಂ.’

ಅವಳು ಕುರ್ಚಿಯಲ್ಲೇ ಪೂರ್ತಿ ತಿರುಗಿ ಅವನನ್ನು ನೋಡಿದಳು. ನಡುವೆ ಗಾಜಿರಲಿಲ್ಲ, ಓದುವುದಕ್ಕೆ ಏನೂ ಇರಲಿಲ್ಲ. ‘ಅಷ್ಟು ಹೊತ್ತಾ?’ ಎಂದಳು. ‘ಚಹಾ ಆರಿ ನೀರಾಗೋ ತನಕಾನಾ?’

‘ಮುಂದಿನ ಸಾಲು ಉದ್ದ ಇರಬೇಕು, ಉಸಿರು ತಗೊಳ್ತಿದೀರಿ ಅಂತ…’

ಅವಳಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೆಗಲಲ್ಲಿ, ಆಮೇಲೆ ತಡೆಯಲಾಗದೆ ಮೇಜಿನ ಮೇಲೆ ಹಣೆಯಿಟ್ಟು ನಕ್ಕಳು. ಕಣ್ಣಿನ ಕಾಡಿಗೆ ಕೆನ್ನೆಗೆ ಇಳಿಯಿತು, ಒರೆಸಿಕೊಂಡ ಅರ್ಧ ಮುಖವೂ ಕೆಟ್ಟಿತು. ‘ದೇವರೇ, ಎಂಥವರನ್ನ ಹಿಡ್ಕೊಂಡೆನಪ್ಪಾ,’ ಎಂದಳು ಉಸಿರಿಗೆ ಒದ್ದಾಡುತ್ತ. ‘ಮೊದಲು ಆ ಮೇಡಂ ಅನ್ನೋದು ಬಿಡಿ.’ ಬಿಡುತ್ತೇನೆ, ಆದರೆ ನಾಲಿಗೆಗೆ ರೂಢಿಯಾಗಿಹೋಗಿದೆ, ತುಸು ಸಮಯ ಬೇಕು, ಅಮ್ಮನಿಗೆ ಇವತ್ತೇ ಹೇಳುತ್ತೇನೆ, ಅವಳು ಪೂರ್ತಿ ಕೇಳಿಸಿಕೊಂಡ ಮೇಲೇ ಕುಣಿಯುವುದು, ಬೆಳಗಿನ ಪಾಳಿ ಮಾತ್ರ ಬೇಡ, ಆ ಹುಡುಗಿ ಒಳ್ಳೆಯವಳೇ ಆದರೆ ನಿಮ್ಮ ಉಸಿರು ಅವಳಿಗೆ ತಿಳಿಯುವುದಿಲ್ಲ ಎಂದು ಅವನು ಒಂದೇ ಸಮನೆ ಹೇಳತೊಡಗಿದ. ‘ಬೆಳಗಿನ ಪಾಳಿ ಬೇಡ ಅಂತೀನಿ, ಆದರೆ ಮೊದಲು ನನ್ನ ಮಗಳಿಗೆ…’ ಎಂದು ಅವಳು ನಡುವೆ ಬಂದಳು. ಅವನು ನಿಲ್ಲಿಸಲಿಲ್ಲ. ಅವಳೂ ನಿಲ್ಲಿಸಲಿಲ್ಲ. ಮುಂದಿನ ವಾರ್ತೆಗೆ ಕರೆಯಲು ಬಂದ ಪ್ರೊಡ್ಯೂಸರ್ ಬಾಗಿಲಲ್ಲಿ ನಿಂತು ಇಬ್ಬರ ಮುಖವನ್ನೂ ನೋಡಿದ. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಒಬ್ಬರದೂ ಅವನಿಗೆ ಅರ್ಥವಾಗಲಿಲ್ಲ.